ಮೊದಲನೇ ದಿನ ಕ್ಯಾಮೆರಾ ಬ್ಯಾಗಲ್ಲೇ ಇರ್ಲಿ

ನಾನು ಮದುವೆ ಫೋಟೋಗ್ರಾಫರ್. ಧನುರ್ಮಾಸ ಬಂತು ಅಂದ್ರೆ ನಮ್ಗೆ ಒಂದು ತಿಂಗಳು ಕೆಲಸ ಇರಲ್ಲ, ಹಂಗಾಗಿ ಎರಡು ವರ್ಷದ ಹಿಂದೆ ಸಕಲೇಶಪುರದ ಕಡೆ ಹೋಂಸ್ಟೇ ಓನರ್ ಒಬ್ರು ಫೋನ್ ಮಾಡಿ ನಮ್ಮ ಹಿತ್ತಲಿಗೆ ಬರೋ ಸಣ್ಣ ಹಕ್ಕಿಗಳದ್ದು ಹದಿನೈದು ಫೋಟೋ ಬೇಕು, ಬ್ರೋಷರ್‌ಗೆ ಅಂದಾಗ ಹಿಂದೆಮುಂದೆ ನೋಡ್ದೆ ಒಪ್ಕೊಂಡೆ. ಎರಡು ದಿನಕ್ಕೆ ಕೊಟೇಶನ್ ಕಳಿಸ್ದೆ. ಛತ್ರದಲ್ಲಿ ಓಡಾಡೋ ಮಕ್ಕಳನ್ನೇ ಹಿಡೀತೀವಂತೆ, ಹಕ್ಕಿ ಯಾವ ಲೆಕ್ಕ ಅನ್ನೋ ಧಿಮಾಕು.

ಬೆಳಿಗ್ಗೆ ಆರೂವರೆಗೆ ದೂರದ್ದನ್ನ ಹತ್ರ ಎಳೆಯೋ 150-600 ಎಂಎಂ ಲೆನ್ಸ್ ಹೆಗಲಿಗೆ ಹಾಕ್ಕೊಂಡು ಇಳಿದ್ರೆ ಮಂಜು. ಎಂಟೂವರೆವರೆಗೂ ಬೆಳಕೇ ಇಲ್ಲ. ಆಮೇಲೆ ಶುರುವಾಯ್ತು ನೋಡಿ ನನ್ನ ಓಟ, ಪಿಕಳಾರ, ಅದೇ ಬುಲ್‌ಬುಲ್, ಆ ಗಿಡದಲ್ಲಿ ಕೂತ್ರೆ ನಾನು ಆ ಕಡೆ, ಅದು ಈ ಗಿಡಕ್ಕೆ ಬಂದ್ರೆ ನಾನು ಈ ಕಡೆ, ಟುವ್ವಿ ಹಕ್ಕಿ ಅಂತೂ ಹೆಬ್ಬೆಟ್ಟಿನಷ್ಟು ದೇಹ ಇಟ್ಕೊಂಡು ಪೊದೆ ಒಳಗಿಂದ ಊರಿಗೆಲ್ಲ ಕೇಳೋ ಹಂಗೆ ಕೂಗುತ್ತೆ, ಕಣ್ಣಿಗೆ ಮಾತ್ರ ಬೀಳಲ್ಲ. ಹತ್ತು ಗಂಟೆಗೆ ಸುಸ್ತಾಗಿ ದಾಸವಾಳದ ಗಿಡದ ಹತ್ರ ಕುರ್ಚಿ ಹಾಕ್ಕೊಂಡು ಕೂತೆ, ಮೂರು ಮೀಟರ್ ಮುಂದೆ ಒಂದು ಒಣ ಕಡ್ಡಿ ನೆಟ್ಟೆ.

ಆಗ ಬಂತು ಹೆಣ್ಣು ಸೂರಕ್ಕಿ. ಕಡ್ಡಿ ಮೇಲೆ ಕೂತು ಚಿಟ್ ಚಿಟ್ ಅಂತಾ, ಬಾಲ ಕುಣಿಸ್ತಾ, ತಂತಿಗೆ ಹೋಗೋದು, ಮತ್ತೆ ಕಡ್ಡಿಗೇ ಬರೋದು. ನನ್ಗೋ ಖುಷಿ. ಮದುಮಗಳೂ ಇಷ್ಟು ಚೆನ್ನಾಗಿ ಪೋಸ್ ಕೊಡಲ್ಲ. ಇನ್ನೂರಕ್ಕೂ ಜಾಸ್ತಿ ಫ್ರೇಮ್ ಹೊಡ್ದೆ.

ರಾತ್ರಿ ಲ್ಯಾಪ್‌ಟಾಪಲ್ಲಿ ತೋರಿಸ್ತಿದ್ದೆ. ಓನರ್ ಮನೆಯವ್ರು, ನಾನು ಅಕ್ಕ ಅಂತಿದ್ದೆ, ಕಾಫಿ ಕೊಡೋಕೆ ಬಂದವ್ರು ನೋಡಿ, "ಇದೇನ್ರಿ, ಎಲ್ಲದ್ರಲ್ಲೂ ಬಾಯಲ್ಲಿ ಹುಳ ಇಟ್ಕೊಂಡೇ ಇದೆ, ತಿನ್ನಲ್ವಾ ಅದು?" ಅಂದ್ರು.

ಜೂಮ್ ಮಾಡಿ ನೋಡ್ದೆ. ಒಂದು ಜೇಡ. ಮೊದಲ ಫ್ರೇಮಿಗೂ ಕೊನೇ ಫ್ರೇಮಿಗೂ ನಲವತ್ತು ನಿಮಿಷ, ಅದೇ ಜೇಡ. ಸೂರಕ್ಕಿ ಹೂವಿನ ಮಕರಂದ ಕುಡಿಯೋದೇನೋ ನಿಜ, ಆದ್ರೆ ಮರಿಗಳಿಗೆ ತಿನ್ಸೋದು ಹುಳ, ಜೇಡ. ಪೋಸೂ ಇಲ್ಲ ಏನೂ ಇಲ್ಲ, ಗೂಡಿನ ಬಾಗಿಲಲ್ಲಿ ನಾನು ಕೂತಿದ್ದೆ, ಅದು ಎದ್ದು ಹೋಗೋ ಮಾರಾಯ ಅಂತ ಬೈತಾ ಇತ್ತು. ಅವತ್ತು ಊಟ ಸೇರ್ಲಿಲ್ಲ.

ಬೆಳಿಗ್ಗೆ ಮೊದ್ಲು ಕುರ್ಚಿ, ಕಡ್ಡಿ ಎರಡನ್ನೂ ತೆಗ್ದೆ. ಜಗಲಿಯಿಂದ ಬೈನಾಕ್ಯುಲರಲ್ಲಿ ಹುಡುಕಿದ್ರೆ, ನಾನು ಕೂತ ಜಾಗದಿಂದ ಒಂದು ಮಾರು ದೂರದಲ್ಲಿ ಕೊಂಬೆ ತುದೀಲಿ ನೇತಾಡ್ತಿತ್ತು ಗೂಡು. ಹಿಂದಿನ ದಿನವೂ ನೋಡಿದ್ದೆ, ಜೇಡರ ಬಲೆಗೆ ಸಿಕ್ಕಿದ ಕಸ ಅನ್ಕೊಂಡಿದ್ದೆ! ಅದು ಕಟ್ಟೋದೇ ಹಂಗೆ, ಬಲೆ ನೂಲು, ತೊಗಟೆ ಚೂರು, ಒಣಗಿದ ನಾರು ಎಲ್ಲ ಸೇರಿಸಿ, ಕಾಗೆ ಕೆಂಬೂತಗಳಿಗೆ ಕಸ ಅನ್ನಿಸ್ಲಿ ಅಂತ. ಐದು ನಿಮಿಷಕ್ಕೆ ಹೆಣ್ಣು ಬಂದು ಸೀದಾ ಗೂಡಿಗೆ ಕೊಕ್ಕು ಹಾಕ್ತು, ಹಿಂದೇನೇ ಹಳದಿ ಹೊಟ್ಟೆಯ ಗಂಡೂ ಬಂತು. ನನ್ಗೆ ಉಸಿರು ಬಂತು.

ಆ ದಿನ ಒಂದೂ ಫೋಟೋ ಹೊಡೀಲಿಲ್ಲ. ಜಗಲೀಲಿ ಕೂತು ಪುಸ್ತಕದಲ್ಲಿ ಬರ್ಕೊಂಡೆ, ಯಾವ ಹಕ್ಕಿ, ಎಷ್ಟೊತ್ತಿಗೆ, ಬರೋ ಮುಂಚೆ ಎಲ್ಲಿ ಕೂರುತ್ತೆ. ಕಪ್ಪು-ಬಿಳಿ ಬಣ್ಣದ ಮಡಿವಾಳ ಹಕ್ಕಿ ಪಾತ್ರೆ ತೊಳೆಯೋ ಕಲ್ಲಿಗೆ ಬರೋದು ಅಕ್ಕ ಒಳಗೆ ಹೋದ ಮೇಲೆ. ಗಸಗಸೆ ಹಣ್ಣಿನ ಮರಕ್ಕೆ ಬದನಿಕೆ ಹಕ್ಕಿ ದಿನವಿಡೀ. ಪಿಕಳಾರ ನೀರಿಗೆ ಇಳಿಯೋದು ಮಧ್ಯಾಹ್ನ ಹತ್ರ ಬಂದಾಗ.

ಮೂರನೇ ದಿನ ಗೂಡಿಂದ ದೂರ, ಹಿತ್ತಲಿನ ಇನ್ನೊಂದು ತುದೀಲಿ ಮಣ್ಣಿನ ತಟ್ಟೆಗೆ ಎರಡು ಬೆರಳು ನೀರು, ಪಕ್ಕ ಪಾಚಿ ಹಿಡಿದ ಕಾಫಿ ಕೊಂಬೆ. ಹಿಂದೆ ಏಳೆಂಟು ಮೀಟರ್ ಏನೂ ಇಲ್ಲ, ಹಂಗಾಗಿ ಬ್ಯಾಕ್‌ಗ್ರೌಂಡ್ ಬರೀ ಹಸಿರು. ಕೊಂಬೆ ತುದಿ ಕ್ಯಾಮೆರಾ ಕಡೆ ಬರೋ ಹಂಗೆ ಇಟ್ಟೆ, ಹಕ್ಕಿ ಕೊಂಬೆಗೆ ಅಡ್ಡಡ್ಡ ಕೂರೋದ್ರಿಂದ ಪಕ್ಕದಿಂದ ಸಿಗುತ್ತೆ, ಯಾಕಂದ್ರೆ ಲೆನ್ಸ್ 600ರಲ್ಲಿದ್ದಾಗ ಮೂರು ಮೀಟರಿಗೆ ಫೋಕಸ್ ಸಿಗೋ ಆಳ ಹತ್ತಿರತ್ತಿರ ಅರ್ಧ ಸೆಂಟಿಮೀಟರ್, ಹಕ್ಕಿ ನಮ್ಮ ಕಡೆ ಮುಖ ಮಾಡಿದ್ರೆ ಕೊಕ್ಕು ಶಾರ್ಪ್, ಕಣ್ಣು ಸಾಫ್ಟ್. ಲೆನ್ಸು ಹಕ್ಕಿ ಕಣ್ಣಿನ ಮಟ್ಟಕ್ಕೆ, ನಾನು ಗೋಣಿಚೀಲದ ಮೇಲೆ ಮಕಾಡೆ. ನೀರು ಕೊಡವೋದಕ್ಕೆ ಶಟರ್ ಸ್ಪೀಡ್ 1/2000 ಸೆಕೆಂಡ್, ಸುಮ್ನೆ ಕೂತಾಗ 1/500 ಸಾಕು. ಮಡಿವಾಳನ ಬಿಳಿ ಸುಟ್ಟು ಹೋಗದ ಹಂಗೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿದೆ, ಬಿಳಿ ಪಂಚೆ ಉಟ್ಟ ಗಂಡಿಗೆ ಮಾಡೋದೂ ಇದನ್ನೇ ಅಲ್ವಾ. ಹದಿನೈದಲ್ಲ, ಇಪ್ಪತ್ತೆರಡು ಫೋಟೋ ಕೊಟ್ಟೆ. ಎರಡು ದಿನದ ದುಡ್ಡಿಗೆ ಮೂರು ದಿನ, ಅದು ನನ್ನ ತಪ್ಪು, ಕೇಳ್ಲಿಲ್ಲ.

ಓನರ್‌ಗೆ ಮಾತ್ರ ಕವರಿಗೆ ಆ ಜೇಡದ ಫೋಟೋನೇ ಬೇಕಂತೆ. "ಆಕ್ಷನ್ ಇದೆ ಸಾರ್ ಅದ್ರಲ್ಲಿ." ಕೊಡಲ್ಲ ಅಂದೆ, ಕಾರಣಾನೂ ಹೇಳ್ದೆ. ಮುಖ ಸಣ್ಣಗೆ ಮಾಡ್ಕೊಂಡು ಪಿಕಳಾರ ಹಾಕ್ಕೊಂಡ್ರು. ಆ ಫೋಟೋ ಈಗ ಕೆಲಸಕ್ಕೆ ಸೇರೋ ಹೊಸ ಹುಡುಗರಿಗೆ ತೋರ್ಸೋಕೆ ಇಟ್ಕೊಂಡಿದೀನಿ, ಇದ್ರಲ್ಲಿ ತಪ್ಪೇನಿದೆ ಹೇಳ್ರೋ ಅಂತ. ಇವತ್ತಿನವರೆಗೂ ಒಬ್ನೂ ಹೇಳಿಲ್ಲ, ಎಲ್ಲ ಐಎಸ್‌ಓ, ಅಂದ್ರೆ ಕ್ಯಾಮೆರಾದ ಬೆಳಕಿನ ಸೆಟ್ಟಿಂಗ್, ಜಾಸ್ತಿ ಆಯ್ತು ಅಂತಾರೆ.

ಹಕ್ಕಿ ಕೆಲಸಕ್ಕೆ ನನ್ನ ಕೊಟೇಶನ್‌ನಲ್ಲಿ ಈಗ ಮೊದಲ ಸಾಲೇ ಇದು: ಮೊದಲ ದಿನ ಫೋಟೋ ತೆಗೆಯೋದಿಲ್ಲ. ಹಂಗಾದ್ರೆ ಆ ದಿನದ ರೇಟು ಅರ್ಧ ತಾನೆ ಅಂತ ಕೇಳ್ತಾರೆ. ಇಲ್ಲ ಸಾರ್, ಫುಲ್ಲು.