ಸಣ್ಣ ಕಾರ್ಖಾನೆಗೆ ಐಎಸ್ಒ 9001: ಕಾಗದಕ್ಕಿಂತ ಮೊದಲು ಆಗಬೇಕಾದ ಕೆಲಸ

ದೊಡ್ಡ ಕಂಪನಿಯ ಆರ್ಡರ್‌ಗೆ ಪ್ರಯತ್ನಿಸುವಾಗ ಅಥವಾ ಟೆಂಡರ್ ಫಾರಂ ತುಂಬುವಾಗ ದಾವಣಗೆರೆ, ಹರಿಹರದ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ ‘ಐಎಸ್ಒ 9001 ಇದೆಯೇ?’ ಎಂಬ ಪ್ರಶ್ನೆ ಎದುರಾಗುತ್ತದೆ. ಗುಣಮಟ್ಟ ಕಾಯುವ ನಿರ್ವಹಣಾ ವ್ಯವಸ್ಥೆ ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನಕ ಇದು. ಆಗ ಅವರು ವಿಚಾರಿಸುವುದು ಅದರ ಪ್ರಮಾಣಪತ್ರಕ್ಕೆ ಖರ್ಚು ಎಷ್ಟು, ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂದು. ಬಿಡಿಭಾಗ ತಯಾರಿಸುವ ಘಟಕಗಳ ಗುಣಮಟ್ಟ ವಿಭಾಗದಲ್ಲಿ ಬಹುಕಾಲ ದುಡಿದಿರುವ ನನಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನಿಸುತ್ತದೆ: ಈ ಪ್ರಮಾಣಪತ್ರವನ್ನು ಕೊಡುವವರು ಯಾರು, ಕೊಡುವ ಅರ್ಹತೆ ಅವರಿಗೆ ಎಲ್ಲಿಂದ ಬಂತು?

ಜಿನೀವಾದಲ್ಲಿರುವ ಐಎಸ್ಒ ಸಂಸ್ಥೆ ಮಾನಕಗಳನ್ನು ರೂಪಿಸುತ್ತದೆಯೇ ಹೊರತು ಯಾವ ಕಾರ್ಖಾನೆಗೂ ಪ್ರಮಾಣಪತ್ರ ಕೊಡುವುದಿಲ್ಲ. ಆ ಕೆಲಸ ಪ್ರಮಾಣೀಕರಣ ಸಂಸ್ಥೆಗಳದು. ಅವುಗಳ ಅರ್ಹತೆಯನ್ನು ಪರೀಕ್ಷಿಸಿ ಮಾನ್ಯತೆ ಕೊಡಲು ನಮ್ಮ ದೇಶದಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಡಿಯಲ್ಲಿ ಎನ್ಎಬಿಸಿಬಿ ಎಂಬ ಮಂಡಳಿ ಇದೆ. ಬ್ರಿಟನ್ನಿನ ಯುಕೆಎಎಸ್‌ನಂಥ ಹೊರದೇಶದ ಮಂಡಳಿಗಳಿಂದ ಮಾನ್ಯತೆ ಪಡೆದು ಇಲ್ಲಿ ಕೆಲಸ ಮಾಡುವ ಸಂಸ್ಥೆಗಳೂ ಇವೆ. ಆದ್ದರಿಂದ ಮುಂಗಡ ಕೊಡುವ ಮೊದಲು ಆ ಸಂಸ್ಥೆಗೆ ಯಾರ ಮಾನ್ಯತೆ ಇದೆ, ಆ ಮಾನ್ಯತೆ ನಮ್ಮ ಉದ್ಯಮದ ವರ್ಗಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಮಾನ್ಯತಾ ಮಂಡಳಿಯ ಜಾಲತಾಣದಲ್ಲೇ ನೋಡಿಕೊಳ್ಳಬೇಕು. ಕಾರ್ಖಾನೆಯ ಹೊಸ್ತಿಲನ್ನೂ ತುಳಿಯದೆ ಕೆಲವೇ ದಿನಗಳಲ್ಲಿ ಪ್ರಮಾಣಪತ್ರವನ್ನು ಕಳಿಸಿಕೊಡುವವರಿದ್ದಾರೆ. ಅಂಥ ಕಾಗದವನ್ನು ಚೆನ್ನಾಗಿ ಬಲ್ಲ ಖರೀದಿದಾರರು ಒಪ್ಪುವುದಿಲ್ಲ. ಕಷ್ಟಪಟ್ಟು ದುಡಿದ ಹಣ ಹೀಗೆ ಹೋಗುವುದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗಿದೆ. ತಯಾರಿಗೆ ಸಲಹೆ ಕೊಡುವವರು ಮತ್ತು ಆಡಿಟ್ ಮಾಡುವವರು ಒಂದೇ ಸಂಸ್ಥೆಯವರಾಗಿರಬಾರದೆಂಬ ನಿಯಮವೂ ಇದೆ. ‘ಎರಡನ್ನೂ ನಾವೇ ಮಾಡಿಕೊಡುತ್ತೇವೆ’ ಎನ್ನುವವರನ್ನು ಅಲ್ಲಿಯೇ ಬಿಡುವುದು ಲೇಸು.

ಇನ್ನು ತಯಾರಿಯ ಮಾತು. ಈ ಮಾನಕ ಮೊದಲು ಪ್ರಕಟವಾದದ್ದು 1987ರಲ್ಲಿ. 2015ರ ಆವೃತ್ತಿಯಲ್ಲಿ ಪಾಲಿಸಬೇಕಾದ ಅಗತ್ಯಗಳು 4ರಿಂದ 10ರವರೆಗಿನ ಅಧ್ಯಾಯಗಳಲ್ಲಿವೆ, ಮತ್ತು ಹಿಂದೆ ಕಡ್ಡಾಯವಾಗಿದ್ದ ಕ್ವಾಲಿಟಿ ಮ್ಯಾನ್ಯುಅಲ್ (ಗುಣಮಟ್ಟ ವ್ಯವಸ್ಥೆಯನ್ನು ವಿವರಿಸುವ ಕೈಪಿಡಿ) ಈಗ ಕಡ್ಡಾಯವಲ್ಲ. ಹಾಗಿದ್ದರೂ ಬೇರೆ ಯಾವುದೋ ಊರಿನ ಕಾರ್ಖಾನೆಗೆ ಬರೆದ ದಪ್ಪ ಕಡತದಲ್ಲಿ ಹೆಸರು ಬದಲಿಸಿ ಕೊಡುವ ಪದ್ಧತಿ ಇನ್ನೂ ನಿಂತಿಲ್ಲ. ಅದರ ಬದಲು ಒಂದೇ ಒಂದು ಆರ್ಡರ್ ಹಿಡಿದು ಅದರ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆದು ನೋಡುವುದು ಉತ್ತಮ. ಗ್ರಾಹಕರು ಕಳಿಸಿದ ಡ್ರಾಯಿಂಗ್‌ನ ಇತ್ತೀಚಿನ ಪರಿಷ್ಕರಣೆಯೇ ಲೇತ್ ಮುಂದೆ ಇದೆಯೇ, ಬಂದಿಳಿದ ಕಬ್ಬಿಣದ ರಾಡಿನ ಹೀಟ್ ನಂಬರ್ (ಲೋಹ ಕರಗಿಸಿದ ತಂಡದ ಗುರುತು ಸಂಖ್ಯೆ) ಟೆಸ್ಟ್ ಸರ್ಟಿಫಿಕೇಟ್‌ಗೆ ಹೊಂದುತ್ತದೆಯೇ, ಮೊದಲ ಪೀಸನ್ನು ಅಳೆದವರು ಯಾರು, ಅಳೆದ ಮೈಕ್ರೋಮೀಟರ್‌ನ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಅವಧಿ ಮುಗಿದಿಲ್ಲವಷ್ಟೇ, ರಿಜೆಕ್ಟ್ ಆದ ಪೀಸುಗಳು ಒಳ್ಳೆಯವುಗಳ ಜೊತೆ ಸೇರದಂತೆ ಎಲ್ಲಿ ಇಡಲಾಗಿದೆ ಎಂದು ಒಂದೊಂದಾಗಿ ಕೇಳುತ್ತಾ ಹೋದರೆ, ನಮ್ಮಲ್ಲಿ ಈಗಾಗಲೇ ಇರುವುದೇನು, ಇಲ್ಲದಿರುವುದೇನು ಎಂಬುದು ತಾನಾಗಿಯೇ ಕಾಣುತ್ತದೆ.

ಹೀಗೆ ಕಂಡದ್ದನ್ನು ಕನ್ನಡದಲ್ಲೇ ಬರೆಯಬಹುದು. ದಾಖಲೆಗಳು ಇಂಗ್ಲಿಷಿನಲ್ಲೇ ಇರಬೇಕೆಂದು ಮಾನಕ ಎಲ್ಲಿಯೂ ಹೇಳುವುದಿಲ್ಲ. ಬಳಸುವವರಿಗೆ ತಕ್ಕ ಭಾಷೆ ಮತ್ತು ರೂಪ ಇರಲಿ ಎಂಬುದಷ್ಟೇ ಅದರ ಅಪೇಕ್ಷೆ. ಎರಡನೇ ಶಿಫ್ಟಿನ ಆಪರೇಟರ್ ಓದಲಾಗದ ಸೂಚನಾಪತ್ರವನ್ನು ಗೋಡೆಗೆ ಅಂಟಿಸಿ ಫಲವಿಲ್ಲ. ಅಳತೆಯನ್ನು ಅಳೆದ ಹೊತ್ತಿನಲ್ಲೇ, ಯಂತ್ರದ ಪಕ್ಕದಲ್ಲೇ ಜಾಬ್ ಕಾರ್ಡ್ ಮೇಲೆ ಬರೆಯಬೇಕು. ಆಡಿಟ್ ಹತ್ತಿರ ಬಂದಾಗ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿಸಿದ ರಿಜಿಸ್ಟರನ್ನು ಅನುಭವವುಳ್ಳ ಆಡಿಟರ್ ಪುಟ ತಿರುವುವಷ್ಟರಲ್ಲಿ ಗುರುತಿಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ದೋಷದ ಮೂಲ ಹುಡುಕುವ ಕೆಲಸ. ಬೋರ್ (ಬಿಡಿಭಾಗದಲ್ಲಿ ಕೊರೆದ ರಂಧ್ರ) ದೊಡ್ಡದಾಗಿ ಗ್ರಾಹಕರು ಮಾಲನ್ನು ಹಿಂದಿರುಗಿಸಿದರೆ, ಅನೇಕ ಘಟಕಗಳಲ್ಲಿ ‘ಕಾರ್ಮಿಕರಿಗೆ ತಿಳಿಹೇಳಲಾಗಿದೆ’ ಎಂದು ಬರೆದು ಪ್ರಕರಣ ಮುಗಿಸುತ್ತಾರೆ. ಇದು ಕಾರಣವೂ ಅಲ್ಲ, ಪರಿಹಾರವೂ ಅಲ್ಲ. ಟೂಲ್ ಎಷ್ಟು ಪೀಸಿಗೆ ಸವೆಯುತ್ತದೆ, ಎಷ್ಟು ಪೀಸಿಗೊಮ್ಮೆ ಅಳೆಯಬೇಕೆಂದು ಯಾರಾದರೂ ನಿಗದಿಪಡಿಸಿದ್ದರೇ, ಅದೇ ದೋಷ ಪಕ್ಕದ ಯಂತ್ರದಲ್ಲೂ ಇರಬಹುದೇ ಎಂಬಲ್ಲಿಗೆ ವಿಚಾರಣೆ ಹೋಗಬೇಕು. ಮಾಡಿದ ಬದಲಾವಣೆ ಫಲ ಕೊಟ್ಟಿತೇ ಎಂದು ಕೆಲವು ವಾರಗಳ ಬಳಿಕ ನೋಡಿ ಬರೆಯುವುದೂ ಅದರ ಭಾಗವೇ. ಈ ಒಂದು ಅಭ್ಯಾಸ ಬೇರೂರಿದರೆ ಪ್ರಮಾಣಪತ್ರದ ಖರ್ಚು ರಿಜೆಕ್ಷನ್ ಉಳಿತಾಯದಲ್ಲೇ ಹಿಂದಿರುಗಬಹುದೆಂದು ನಾನು ನಂಬುತ್ತೇನೆ.

ಮಾನಕಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ, ಹವಾಮಾನ ಬದಲಾವಣೆ ತನಗೆ ಸಂಬಂಧಿಸಿದ ವಿಷಯವೇ ಎಂಬುದನ್ನೂ ಉದ್ಯಮ ನಿರ್ಧರಿಸಬೇಕು. ಚಿತ್ರದುರ್ಗದಂಥ ಬರಪೀಡಿತ ಜಿಲ್ಲೆಯಲ್ಲಿ, ಅದರಲ್ಲೂ ಶೇಂಗಾ ಬೆಳೆಯನ್ನು ನೆಚ್ಚಿದ ಚಳ್ಳಕೆರೆಯ ಎಣ್ಣೆ ಮಿಲ್ಲಿನವರಿಗೆ, ಇದು ಬರಿಯ ಕಾಗದದ ಪ್ರಶ್ನೆಯಲ್ಲ. ಎಣ್ಣೆ ಮಿಲ್ಲಿಗೂ ನಮ್ಮೂರಿನ ಮಂಡಕ್ಕಿ ಭಟ್ಟಿಗೂ ಇದೇ 9001 ಅನ್ವಯಿಸಬಹುದು, ಗಾತ್ರದ ಅಡ್ಡಿಯಿಲ್ಲ. ಆದರೆ ಅದು ಸ್ವಯಂಪ್ರೇರಿತವಾದದ್ದು, ಆಹಾರ ತಯಾರಕರಿಗೆ ಕಾನೂನಿನಂತೆ ಬೇಕಾದ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿಗೆ ಅದು ಬದಲಿಯಲ್ಲ.

ವ್ಯವಸ್ಥೆ ಕೆಲವು ತಿಂಗಳು ನಡೆದ ಮೇಲೆ ಆಂತರಿಕ ಆಡಿಟ್ ಮಾಡಬೇಕು. ತನ್ನ ಕೆಲಸವನ್ನು ತಾನೇ ಆಡಿಟ್ ಮಾಡುವಂತಿಲ್ಲವಾದ್ದರಿಂದ ಸ್ಟೋರ್ಸ್‌ನವರು ಉತ್ಪಾದನೆಯನ್ನೂ, ಉತ್ಪಾದನೆಯವರು ಸ್ಟೋರ್ಸನ್ನೂ ನೋಡುವುದು ಸಣ್ಣ ಘಟಕಕ್ಕೆ ಸುಲಭ. ಬಳಿಕ ಮಾಲೀಕರೇ ಕುಳಿತು ಫಲಿತಾಂಶಗಳ ಪರಾಮರ್ಶೆ ನಡೆಸಬೇಕು. ಪ್ರಮಾಣೀಕರಣ ಸಂಸ್ಥೆಯವರು ಎರಡು ಹಂತಗಳಲ್ಲಿ ಬರುತ್ತಾರೆ: ಮೊದಲ ಹಂತದಲ್ಲಿ ದಾಖಲೆ ಮತ್ತು ಸಿದ್ಧತೆ, ಎರಡನೆಯದರಲ್ಲಿ ಕೆಲಸ ಹೇಳಿದಂತೆಯೇ ನಡೆಯುತ್ತಿದೆಯೇ ಎಂಬುದರ ಪರೀಕ್ಷೆ. ದೊಡ್ಡ ಲೋಪ ಕಂಡುಬಂದರೆ ಅದನ್ನು ಸರಿಪಡಿಸಿ ತೋರಿಸುವವರೆಗೆ ಪ್ರಮಾಣಪತ್ರವಿಲ್ಲ. ಸಣ್ಣ ಲೋಪಕ್ಕೆ ಸರಿಪಡಿಸುವ ಯೋಜನೆಯನ್ನು ಒಪ್ಪಿಸಬೇಕು. ಆಡಿಟ್ ದಿನಗಳು ಮುಖ್ಯವಾಗಿ ಕೆಲಸಗಾರರ ಸಂಖ್ಯೆಯನ್ನು ಅವಲಂಬಿಸಿರುತ್ತವೆ, ಶುಲ್ಕವೂ ಅದರಂತೆಯೇ.

ಪ್ರಮಾಣಪತ್ರದ ಅವಧಿ 3 ವರ್ಷ. ನಡುವೆ ಪ್ರತಿವರ್ಷ ಸರ್ವೇಲೆನ್ಸ್ ಆಡಿಟ್, ಅಂದರೆ ವ್ಯವಸ್ಥೆ ಮುಂದುವರಿದಿದೆಯೇ ಎಂಬ ಪರಿಶೀಲನೆ, ನಡೆಯುತ್ತದೆ. ಕೈಗೆ ಬಂದ ಮೇಲೆ ಅದರ ಗುರುತನ್ನು ಸರಕಿನ ಮೇಲೆ ಅಚ್ಚು ಹಾಕಿಸುವ ಆಸೆ ಹಲವರಿಗೆ ಇರುತ್ತದೆ, ಆದರೆ ಹಾಗೆ ಮಾಡುವಂತಿಲ್ಲ. ಐಎಸ್ಐ ಗುರುತು ವಸ್ತುವಿಗೆ ಸಂಬಂಧಿಸಿದ್ದು, 9001 ಕಾರ್ಖಾನೆಯ ನಿರ್ವಹಣಾ ವ್ಯವಸ್ಥೆಗೆ ಸಂಬಂಧಿಸಿದ್ದು. ಪೆಟ್ಟಿಗೆಯ ಮೇಲೆ ಬರೆಯಲೇಬೇಕೆಂದಿದ್ದರೆ ಕಂಪನಿಯ ಹೆಸರು, ಮಾನಕದ ಹೆಸರು ಹಾಗೂ ಪ್ರಮಾಣೀಕರಣ ಸಂಸ್ಥೆಯ ಹೆಸರಿನೊಂದಿಗೆ, ಪ್ರಮಾಣಪತ್ರ ದೊರೆತಿರುವುದು ವ್ಯವಸ್ಥೆಗೆ ಎಂಬುದು ಸ್ಪಷ್ಟವಾಗುವ ವಾಕ್ಯವನ್ನು ಬರೆಯಬೇಕು. ಅಚ್ಚಿಗೆ ಕೊಡುವ ಮೊದಲು ಅದನ್ನು ಆ ಸಂಸ್ಥೆಗೆ ತೋರಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯದು.