ಬಾಸೂರು ಕಾವಲಿನಲ್ಲಿ ಒಂದು ನೊಣದ ಹಿಂದೆ

ಬೀರೂರಿನಲ್ಲಿ ರೈಲು ಇಳಿದಾಗ ಇನ್ನೂ ಮಂಜಿತ್ತು. ಸ್ಟೇಷನ್ ಹೊರಗೆ ಸೋದರಮಾವ ಬೈಕ್ ಹಿಡಿದು ನಿಂತಿದ್ದರು. "ಎಲ್ಲರೂ ಮುಳ್ಳಯ್ಯನಗಿರಿಗೆ ಹೋಗ್ತಾರೆ, ನೀನು ನೊಣ ನೋಡೋಕೆ ಬಂದಿದೀಯಲ್ಲೋ!" ಎಂದರು. ಹೌದು, ನೊಣ ನೋಡಲೆಂದೇ ಬಂದಿದ್ದೆ.

ನಾವು ಹೊರಟಿದ್ದು ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ. ಮೈಸೂರು ಅರಸರ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳಿವು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪು ಕಾಲದಲ್ಲಿ. ಬಾಸೂರಿನ 736 ಹೆಕ್ಟೇರ್ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅದಾದದ್ದು ಕೃಷ್ಣಮೃಗಗಳಿಗಾಗಿ. ಮೊದಲೇ ಅನುಮತಿ ಪಡೆದಿದ್ದೆವು, ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು.

ಮಳೆ ಮುಗಿದ ಹೊಸತು. ಹುಲ್ಲು ಮೊಣಕಾಲುದ್ದ ಬೆಳೆದು ತುದಿ ಕೆಂಪಾಗಿತ್ತು. ದೂರದಲ್ಲಿ ಕೃಷ್ಣಮೃಗಗಳ ಗುಂಪೊಂದು ತಲೆ ಎತ್ತಿ ನಮ್ಮನ್ನು ನೋಡಿ, ಮತ್ತೆ ಮೇಯತೊಡಗಿತು. ನಾನು ಮಾತ್ರ ನೆಲ ನೋಡುತ್ತಾ ನಡೆದೆ. ಹುಲ್ಲಿನ ನಡುವೆ ಅಲ್ಲಲ್ಲಿ ಬೋಳು ಮಣ್ಣು, ಅದರಲ್ಲಿ ಪೆನ್ಸಿಲ್ ತೂರುವಷ್ಟು ಸಣ್ಣ ತೂತುಗಳು. ಒಂಟಿ ಜೇನು ಮತ್ತು ಮಣ್ಣು ಕೊರೆಯುವ ಕಣಜಗಳು ಮಾಡುವ ಗೂಡುಗಳವು.

ಬಿಸಿಲೇರಿದ ಮೇಲೆ ಬಂತು. ಮೈತುಂಬ ಕಂದು ರೋಮ, ನೋಡೋಕೆ ಪಕ್ಕಾ ಜೇನು. ಆದರೆ ರೆಕ್ಕೆ ಎರಡೇ, ಹಾಗಾಗಿ ಅದು ನೊಣ. ಇಂಗ್ಲಿಷ್‌ನವರು ಬೀ ಫ್ಲೈ ಅನ್ನುತ್ತಾರೆ. ಲೋಕದಲ್ಲಿ ಇವುಗಳ ಸುಮಾರು 5,000 ಜಾತಿಗಳಿವೆ. ಅದು ತುಂಬೆ ಹೂವಿನ ಮುಂದೆ ನಿಂತಲ್ಲೇ ನಿಂತು ರಸ ಹೀರಿತು. ಆಮೇಲೆ ಬೋಳು ಮಣ್ಣಿಗಿಳಿದು ಹೊಟ್ಟೆಯ ತುದಿಯನ್ನು ಧೂಳಿಗೆ ತಿಕ್ಕಿತು. ನಾನು ಉಸಿರು ಬಿಗಿಹಿಡಿದೆ.

ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಒಂದು ಪುಟ್ಟ ಚೀಲವಿರುತ್ತದೆ. ಅದರಲ್ಲಿ ಧೂಳು ತುಂಬಿಕೊಂಡು, ಹೋಳಿಗೆ ಉಂಡೆಯನ್ನು ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಮೊಟ್ಟೆಗೆ ಮಣ್ಣು ಮೆತ್ತುತ್ತದೆ. ನಂತರ ಗೂಡಿನ ಬಾಯಿಯ ಮೇಲೆ ಹಾರುತ್ತಲೇ ಮೊಟ್ಟೆಯನ್ನು ಚಿಮ್ಮಿಸುತ್ತದೆ. ನಮ್ಮ ಕಣ್ಣೆದುರಿನ ನೊಣವೂ ಒಂದು ತೂತಿನ ಮೇಲೆ ನಿಂತು ಹೊಟ್ಟೆಯನ್ನು ಟಪ್ ಟಪ್ ಎಂದು ಕುಣಿಸಿತು. ಎಣಿಸಲು ನೋಡಿದೆ, ಹನ್ನೊಂದಕ್ಕೆ ಲೆಕ್ಕ ತಪ್ಪಿತು.

ಮೊಟ್ಟೆಯೊಡೆದು ಬಂದ ಮರಿ ತೆವಳುತ್ತಾ ಒಳಗೆ ಹೋಗಿ, ಅಲ್ಲಿ ಬೆಳೆಯುತ್ತಿರುವ ಜೇನಿನ ಅಥವಾ ಕಣಜದ ಮರಿಯನ್ನೇ ತಿಂದು ಬೆಳೆಯುತ್ತದೆ. ಹಾರುವ ನೊಣಕ್ಕೆ ಅಗೆಯಲು ಬರುವುದಿಲ್ಲ. ಅದಕ್ಕೇ ಕೋಶವಾಗಿದ್ದಾಗಲೇ ತಲೆಯ ಮುಳ್ಳುಗಳಿಂದ ಮಣ್ಣು ಕೊರೆದು ಮೇಲೆ ಬಂದುಬಿಡುತ್ತದೆ.

"ಪಾಪ, ಅದರ ಮಗೂನ ಇದು ತಿನ್ನುತ್ತಲ್ಲಾ" ಎಂದರು ಮಾವ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮಾವಿನ ಮರದ ಬಂದಳಿಕೆ ನೆನೆಯಿರಿ. ಮರ ಹೋದರೆ ಬಂದಳಿಕೆಯೂ ಹೋಯಿತು, ಅಲ್ವಾ? ಈ ನೊಣಕ್ಕೆ ಹೂವೂ ಬೇಕು, ಬೋಳು ಮಣ್ಣೂ ಬೇಕು, ಮಣ್ಣಲ್ಲಿ ಜೇನೂ ಬೇಕು. ಒಂದು ತಪ್ಪಿದರೂ ಬದುಕಿಲ್ಲ.

ಇಂಗ್ಲೆಂಡಿನಲ್ಲಿ ಇದರ ನೆಂಟ ಮಾಟಲ್ಡ್ ಬೀ ಫ್ಲೈ ಅಂತ ಇದೆ, ಚುಕ್ಕೆ ರೆಕ್ಕೆಯದು. ದಕ್ಷಿಣದ ಕುರುಚಲು ಬಯಲುಗಳಲ್ಲಿ ಮಾತ್ರ ಉಳಿದುಕೊಂಡಿದೆ. ಬಯಲು ಮರದ ತೋಪಾಗಿ, ಹೊಲವಾಗಿ ಹೋದ ಹಾಗೆ ಅದೂ ಅಪರೂಪವಾಯಿತು. ಅಲ್ಲಿ ಅದನ್ನು ಉಳಿಸಬೇಕಾದ ಜೀವಿಗಳ ಪಟ್ಟಿಯಲ್ಲಿಟ್ಟಿದ್ದಾರೆ. ಒಂದು ನೊಣಕ್ಕಾಗಿ! ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ನಮ್ಮಲ್ಲಿ ಕಾವಲನ್ನು ನೋಡಿದವರು 'ಸುಮ್ನೆ ಬಿದ್ದಿರೋ ಜಾಗ' ಅನ್ನುತ್ತಾರೆ. ಮರ ನೆಡೋಣ, ಉತ್ತು ಬಿತ್ತೋಣ ಎಂದು ಹೊರಡುತ್ತಾರೆ. ಮರ ನೆಡುವುದು ಒಳ್ಳೆಯದೇ, ಆದರೆ ಹುಲ್ಲುಗಾವಲಿನಲ್ಲಿ ಅಲ್ಲ. ನೆರಳು ಬಿದ್ದ ಮಣ್ಣಿನಲ್ಲಿ ಬಿಸಿಲು ಬೇಡುವ ಈ ಜೇನುಗಳು ಗೂಡು ಮಾಡುವುದಿಲ್ಲ. ನೇಗಿಲು, ಟ್ರ್ಯಾಕ್ಟರ್ ಹಾಯ್ದರೆ ಮಣ್ಣೊಳಗಿನ ಮರಿಗಳ ಗತಿ ಅಷ್ಟೇ.

ಹಿಂದಿರುಗುವಾಗ ವಾಚರ್ ಅಣ್ಣ ಮುಂದೆ ನಡೆಯುತ್ತಿದ್ದರು. ಬೋಳು ಮಣ್ಣು ಬಂದಲ್ಲೆಲ್ಲ ಸುತ್ತಿ ಹೋಗುತ್ತಿದ್ದುದು ಗಮನಕ್ಕೆ ಬಂತು. ಕೇಳಿದೆ.

"ತೂತು ನೋಡಿಬಿಟ್ಟೆನಲ್ಲ ಸಾರ್, ಇನ್ಮೇಲೆ ಹೆಂಗೆ ತುಳಿಯೋದು? ಮುಂದಿನ ವರ್ಷ ತುಂಬೆ ಬಿಟ್ಟ ಕೂಡಲೇ ಫೋನ್ ಮಾಡ್ತೀನಿ."