ಹೇನು ಸತ್ತವು, ಜೊತೆಗೆ ಚಿಗಟವೂ

ಸಿಂಧನೂರಿನಿಂದ ಸ್ವಲ್ಪ ದೂರದ ಒಂದು ಕ್ಯಾಂಪಿನಲ್ಲಿ ಮೀನಿನ ಹೊಂಡ ನೋಡಿಕೊಳ್ಳುವುದು ನನ್ನ ಕೆಲಸ. ಸಾಹುಕಾರರದು ಮೂರು ಹೊಂಡ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದಾಗ ತುಂಬಿಸಿಕೊಳ್ಳುತ್ತೇವೆ, ಬಂದ್ ಆದಾಗ ಬೋರ್‌ವೆಲ್ ನೀರಲ್ಲಿ ದಿನ ತಳ್ಳುತ್ತೇವೆ. ಕಾಟ್ಲಾ, ರೋಹು, ಮೃಗಾಲ ಮೂರನ್ನೂ ಒಟ್ಟಿಗೆ ಬಿಡುತ್ತೇವೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಒಂದೇ ಮನೆಯ ಮೂರು ಸಂಸಾರ ಇದ್ದ ಹಾಗೆ. ಜಗಳ ಕಡಿಮೆ.

ಇಷ್ಟು ವರ್ಷ ನಾನು ನೀರಿನ ಬಣ್ಣ ನೋಡಿಯೇ ಕೆಲಸ ಮಾಡುತ್ತಿದ್ದೆ. ಹಸಿರಿದ್ದರೆ ಚೆಂದ, ತಿಳಿಯಾಗಿದ್ದರೆ ಸಗಣಿ ಹಾಕು. ಕಲಿಸಿದವರು ಅಷ್ಟೇ ಕಲಿಸಿದ್ದರು. ಒಂದು ದಸರಾ ಮುಗಿದ ಮೇಲೆ ಆ ಲೆಕ್ಕ ತಪ್ಪಿತು. ತಪ್ಪಿಸಿದವನು ನಾನೇ.

ಆಗ ನಾಲ್ಕು ಎಕರೆ ಹೊಂಡದಲ್ಲಿ ಕಾಟ್ಲಾಗಳಿಗೆ ಹೇನು ಬಿದ್ದಿತ್ತು. ಮೀನಿಗೂ ಹೇನು ಬೀಳುತ್ತದೆ, ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ. ಅಕ್ಕಿಕಾಳಿಗಿಂತ ಸ್ವಲ್ಪ ಅಗಲ, ಚಪ್ಪಟೆ, ಕನ್ನಡಿಯಂತೆ ಪಾರದರ್ಶಕ. ಹುರುಪೆಗೆ ಅಂಟಿ ರಕ್ತ ಹೀರುತ್ತದೆ. ಮೀನು ತಡೆಯಲಾರದೆ ಕಟ್ಟೆಗೆ, ಕಂಬಕ್ಕೆ ಮೈ ತಿಕ್ಕುತ್ತದೆ, ನೀರಿಂದ ಮೇಲೆ ಹಾರುತ್ತದೆ.

ಸಾಹುಕಾರರು ಕಟ್ಟೆ ಮೇಲೆ ನಿಂತು ನೋಡಿದರು. "ಮೀನು ಮೈ ತಿಕ್ಕಾಕತ್ತಾವಲ್ಲೋ. ಎಣ್ಣಿ ಹಾಕಿಬಿಡು" ಅಂದರು.

ಹಾಕಿದೆ. ಎಣ್ಣೆ ಅಂದರೆ ನಮ್ಮ ಕಡೆ ಕೀಟನಾಶಕ. ಭತ್ತ, ಹತ್ತಿಗೆ ಹೊಡೆಯುವ ಜಾತಿಯದೇ, ಮೀನಿನ ಹೊಂಡಕ್ಕಂತ ತೆಳುವಾಗಿ ಮಾಡಿದ್ದು. ಅಳತೆ ತಪ್ಪಲಿಲ್ಲ. ಮೂರನೇ ದಿನಕ್ಕೆ ಒಂದು ಕಾಟ್ಲಾ ಹಿಡಿದು ನೋಡಿದರೆ ಒಂದು ಹೇನೂ ಇಲ್ಲ. ಸಾಹುಕಾರರು ಖುಷಿ, ನಾನೂ ಖುಷಿ.

ಒಂದು ವಾರ ಕಳೆಯುವಷ್ಟರಲ್ಲಿ ನೀರು ಹಸಿರಾಯಿತು. ಹತ್ತನೇ ದಿನಕ್ಕೆ ಬಾಗಿಲಿಗೆ ಹೊಡೆಯುವ ಪೇಂಟ್ ಥರ ದಟ್ಟವಾಯಿತು. ನನಗೋ ಒಳಗೊಳಗೇ ಹೆಮ್ಮೆ, ಎಂಥ ಕಲರ್ ಬಂತು ಅಂತ. ಆ ಹೆಮ್ಮೆಯಲ್ಲೇ ತಿಂಗಳ ಲೆಕ್ಕದ ಸಗಣಿಯನ್ನೂ ಸುರಿಸಿದೆ. ಬೇಕಿರಲಿಲ್ಲ. ಆದರೆ ಗೋಡೆಗೆ ಹಾಕಿದ ಪಟ್ಟಿಯಲ್ಲಿ ಆ ತಾರೀಕಿಗೆ ಸಗಣಿ ಅಂತ ಬರೆದಿತ್ತಲ್ಲ.

ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ. ಮೂರು ದಿನ ಬಿಸಿಲೇ ಬೀಳಲಿಲ್ಲ. ಮಳೆಯೂ ಇಲ್ಲ, ಗಾಳಿಯೂ ಇಲ್ಲ, ಸುಮ್ನೆ ಮೋಡ ಕವಿದು ಕೂತಿತ್ತು. ನಾಲ್ಕನೇ ಬೆಳಗಿನ ಜಾವ ನಾಲ್ಕಕ್ಕೆ ಕಾವಲು ಮುದುಕಪ್ಪ ಬಂದು ಬಾಗಿಲು ಬಡಿದ. "ಏ ತಮ್ಮಾ, ಏಳು. ಮೀನೆಲ್ಲ ಮ್ಯಾಲೆ ಬಂದಾವ" ಅಂದ.

ಬ್ಯಾಟರಿ ಹಿಡಿದು ನೋಡಿದರೆ ಹೊಂಡದ ತುಂಬಾ ಬಾಯಿಗಳು. ತೆರೆಯುತ್ತವೆ, ಮುಚ್ಚುತ್ತವೆ, ಪಚ್ ಪಚ್ ಅಂತ ಸದ್ದು. ಅದನ್ನು ಒಮ್ಮೆ ಕೇಳಿದವನು ಮರೆಯಲ್ಲ. ಮೋಟಾರು ಹಚ್ಚಿ ನೀರನ್ನು ಎತ್ತರದಿಂದ ಚೆಲ್ಲಿಸಿದೆವು, ಪಕ್ಕದ ಕ್ಯಾಂಪಿನಿಂದ ಗಾಳಿ ಯಂತ್ರ ತರಿಸಿದೆವು. ಹೊತ್ತು ಹುಟ್ಟುವಷ್ಟರಲ್ಲಿ ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲೆ ಮಾಡಿದ್ದವು. ಮೃಗಾಲ ಗಟ್ಟಿ ಜೀವ, ಬಹಳ ಮಟ್ಟಿಗೆ ಉಳಿಯಿತು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಸತ್ತ ಮೀನು ಹೊತ್ತು ಸುಣ್ಣ ಹಾಕಿ ಹೂಳಿದೆವು. ಸಾಹುಕಾರರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಾನು ಬೈದದ್ದು ಮೋಡವನ್ನು. ಕ್ಯಾಂಪಿನವರೂ ಹಾಗೇ ಅಂದರು.

ಆಮೇಲೆ ಒಬ್ಬ ಹುಡುಗ ಬಂದ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು, ನಮ್ಮ ಕಡೆ ಹೊಂಡಗಳಿಗೆ ಸಲಹೆ ಕೊಡುತ್ತಾ ತಿರುಗುತ್ತಿದ್ದ. ಅವನ ಕನ್ನಡ ನಮಗೆ ಪುಸ್ತಕ ಓದಿದ ಹಾಗೆ, ನಮ್ಮದು ಅವನಿಗೆ ಜಗಳ ಆಡಿದ ಹಾಗೆ. ಬಂದವನು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಚೀಲದಿಂದ ಜರಡಿಗಿಂತ ಎಷ್ಟೋ ನುಣುಪಾದ ನೈಲಾನ್ ಬಟ್ಟೆಯ ಬಲೆ ತೆಗೆದ. ಆಕಾರ ಆಲಿಕೆಯಂತೆ, ತುದಿಗೊಂದು ಗಾಜಿನ ಟ್ಯೂಬು. ಮೊದಲು ನಮ್ಮ ಇನ್ನೊಂದು ಹೊಂಡಕ್ಕೆ ಹೋದ, ಎಣ್ಣೆ ಹಾಕದೇ ಇದ್ದ ಹೊಂಡ. ಬೇರೆ ಬೇರೆ ಕಡೆಯಿಂದ ಒಟ್ಟು 50 ಲೀಟರ್ ನೀರು ಮೊಗೆದು ಬಲೆಯಲ್ಲಿ ಸೋಸಿದ. ಟ್ಯೂಬಿಗೆ ಚಿಟಿಕೆ ಉಪ್ಪು ಹಾಕಿ ನಿಲ್ಲಿಸಿದ.

ಕಾಲು ಗಂಟೆಯಲ್ಲಿ ತಳದಲ್ಲಿ ಕಂದು ಗಸಿ ನಿಂತಿತು.

"ಇದು ಒಂದೂವರೆ ಎಂಎಲ್ ಇದೆ ಅಣ್ಣ. ಒಂದರಿಂದ ಎರಡು ಇದ್ದರೆ ಮೀನಿಗೆ ಊಟ ಸಾಕು. ಕಂದು ಬಂದರೆ ಪ್ರಾಣಿ ಜಾಸ್ತಿ, ಹಸಿರು ಬಂದರೆ ಪಾಚಿ ಜಾಸ್ತಿ."

ಉಪ್ಪು ಹಾಕದ ನೀರಿನ ಒಂದು ಹನಿಯನ್ನು ಮಸೂರದಲ್ಲಿ ತೋರಿಸಿದ. ಕುಪ್ಪಳಿಸುವ ಚುಕ್ಕೆಗಳು. ನೀರಿನ ಚಿಗಟ. ಮೋಯಿನಾ ಅಂತ ಅದರ ಹೆಸರು. ಮೈ ಗಾಜಿನಂತೆ, ಒಳಗಿನ ಕರುಳು ಹಸಿರಾಗಿ ಕಾಣುತ್ತಿತ್ತು, ತಿಂದ ಪಾಚಿ. ಇನ್ನೊಂದಕ್ಕೆ ತಲೆಯ ನಡುವೆ ಒಂದೇ ಕಣ್ಣು, ಬಾಲದ ಎರಡೂ ಪಕ್ಕ ಮೊಟ್ಟೆಯ ಚೀಲ. ಅದು ಸೈಕ್ಲಾಪ್ಸ್. ಮನೆಯಲ್ಲಿ ಅವ್ವನಿಗೆ ಇದನ್ನು ಹೇಳಿದಾಗ ಆಕೆ ನಕ್ಕಳು. ಮೈಯೊಳಗೆ ದಾರದಂಥ ಹುಳು ಬೆಳೆಯುವ ನಾರುಹುಣ್ಣು ಇದ್ದ ಕಾಲದಲ್ಲಿ ಬಾವಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಮನೆಮನೆಗೆ ಬಂದು ಹೇಳುತ್ತಿದ್ದರಂತೆ. ಸೋಸುತ್ತಿದ್ದದ್ದು ಇದೇ ಒಕ್ಕಣ್ಣನನ್ನು, ನಾರಿನ ಮರಿ ಅದರ ಹೊಟ್ಟೆಯಲ್ಲಿ ಇರುತ್ತಿತ್ತು. 2000ದಲ್ಲಿ ನಾರುಹುಣ್ಣು ಭಾರತದಿಂದ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅವ್ವ ಅಷ್ಟು ಕಷ್ಟಪಟ್ಟು ಸೋಸಿ ಹೊರಗೆ ಹಾಕಿದ್ದನ್ನು ನಾನು ಹೊಂಡದಲ್ಲಿ ಸಾಕಬೇಕಾಗಿದೆ.

ಆಮೇಲೆ ಮೀನು ಸತ್ತ ಹೊಂಡದ ನೀರು ಸೋಸಿದ. ಟ್ಯೂಬಿನ ತಳದಲ್ಲಿ ಬರೀ ಹಸಿರು. ಕುಪ್ಪಳಿಸುವುದು ಒಂದೂ ಇಲ್ಲ. ಅದಕ್ಕಿಂತ ಸಣ್ಣ, ಗಿರಗಿರ ತಿರುಗುವ ರೋಟಿಫರ್ ಅಂತ ಒಂದಷ್ಟು ಇದ್ದವು. ಅವಕ್ಕೆ ಈ ಎಣ್ಣೆ ಅಷ್ಟಾಗಿ ತಾಗುವುದಿಲ್ಲವಂತೆ. ಆದರೆ ದೊಡ್ಡ ಕಾಟ್ಲಾಗೆ ಅದು ಸಾಲುವ ಊಟವೂ ಅಲ್ಲ, ಪಾಚಿ ತಿಂದು ಮುಗಿಸುವ ತಾಕತ್ತೂ ಅದಕ್ಕಿಲ್ಲ.

"ಹೇನು ಯಾವ ಕುಲ ಗೊತ್ತಾ ಅಣ್ಣ?" ಅಂತ ಕೇಳಿದ. "ಸಿಗಡಿ, ಏಡಿ ಕುಲ. ಈ ಚಿಗಟವೂ ಅದೇ ಕುಲ. ಎಣ್ಣೆಗೆ ಇದು ಕಳ್ಳ, ಇದು ಮನೆಯವ ಅಂತ ಹೇಗೆ ಗೊತ್ತಾಗಬೇಕು?"

ನನಗೆ ಅಲ್ಲೇ ಎಲ್ಲಾ ಹೊಳೆಯಿತು. ಪಾಚಿ ಮೇಯುವ ದನಗಳನ್ನೆಲ್ಲ ನಾನೇ ಕೊಂದಿದ್ದೆ. ಮೇಯುವವರಿಲ್ಲದ ಹೊಲದಲ್ಲಿ ಹುಲ್ಲು ಸೊಂಟಮಟ್ಟ ಬೆಳೆಯುತ್ತದೆ, ನಾನು ಅದಕ್ಕೆ ಗೊಬ್ಬರ ಬೇರೆ ಹಾಕಿದ್ದೆ. ಪಾಚಿ ಹಗಲು ಬಿಸಿಲಿದ್ದಾಗ ನೀರಿಗೆ ಆಕ್ಸಿಜನ್ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನೇ ವಾಪಸ್ ತೆಗೆದುಕೊಳ್ಳುತ್ತದೆ. ಬಿಸಿಲಿದ್ದಷ್ಟು ದಿನ ಜಮಾ-ಖರ್ಚು ಸರಿಹೋಗುತ್ತಿತ್ತು. ಮೂರು ದಿನ ಜಮಾ ನಿಂತಿತು, ಖರ್ಚು ನಿಲ್ಲಲಿಲ್ಲ. ಸಾಯತೊಡಗಿದ ಪಾಚಿ ಕೊಳೆಯುತ್ತಾ ಉಳಿದದ್ದನ್ನೂ ತಿಂದಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಹಿಡಿಯುವುದೂ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗೆ ಈ ಲೆಕ್ಕ ಬಹಳ ಮುಖ್ಯ. ಮೋಡ ಕಡ್ಡಿ ಗೀರಿತು ಅಷ್ಟೇ, ಸೀಮೆಎಣ್ಣೆ ಸುರಿದವನು ನಾನು.

ಇದು ತಿಳಿದ ಮೇಲೆ ತುಂಗಭದ್ರಾ ಡ್ಯಾಮಿನ ಸುದ್ದಿಯೂ ಬೇರೆ ಥರ ಕಾಣತೊಡಗಿತು. ಜಲಾಶಯದ ನೀರು ಹಸಿರಾಯಿತು ಅಂತ ಕೆಲವು ವರ್ಷ ಪೇಪರಿನಲ್ಲಿ ಬಂದಿತ್ತಲ್ವಾ? ಮಳೆಗಾಲದಲ್ಲಿ ಹೊಳೆ ಕೆಂಪಗೆ ಬರುತ್ತದೆ, ಬೆಳಕು ಒಳಗೆ ಇಳಿಯುವುದಿಲ್ಲ, ಪಾಚಿಗೆ ಬೆಳೆಯಲು ದಾರಿಯಿಲ್ಲ. ಒಳಹರಿವು ನಿಂತು ಮಣ್ಣು ತಳಕ್ಕೆ ಕೂತಾಗ ನೀರು ತಿಳಿಯಾಗುತ್ತದೆ. ಹೊಲದ ಗೊಬ್ಬರ, ಊರಿನ ಚರಂಡಿ ಎಲ್ಲ ಆ ನೀರಲ್ಲಿ ಮೊದಲೇ ಇರುತ್ತದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆಳ ಕಡಿಮೆಯಾದ ಅಂಚಿನ ನೀರು ಬೇಗ ಕಾಯುತ್ತದೆ. ಅಂಥ ಕಡೆ ಮೈಕ್ರೋಸಿಸ್ಟಿಸ್ ಅನ್ನುವ ನೀಲಿ-ಹಸಿರು ಜಾತಿ ಬಂದರೆ ಕಷ್ಟ ಜಾಸ್ತಿ. ಅದಕ್ಕೆ ಮೈಯೊಳಗೆ ಗಾಳಿಯ ಗುಳ್ಳೆ, ಮೇಲೆ ತೇಲಿ ಬಿಸಿಲು ಹಿಡಿಯುತ್ತದೆ. ಗುಂಪು ಕಟ್ಟಿ ಗಂಟಾಗುತ್ತದೆ, ಚಿಗಟದ ಬಾಯಿಗೆ ಹಿಡಿಸುವುದಿಲ್ಲ. ಅದು ಬಿಡುವ ವಿಷ ನೀರು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಗಂಟು ಗಂಟಾದ ಹಸಿರು ಕೆನೆ ಕಂಡರೆ ದನ ನೀರಿಗೆ ಬಿಡಬೇಡಿ ಅಂತ ನಮ್ಮ ಕ್ಯಾಂಪಿನಲ್ಲಿ ಈಗ ನಾನೇ ಹೇಳಿಕೊಂಡು ತಿರುಗುತ್ತೇನೆ.

ಹೇನಿಗೆ ಈಗ ಬೇರೆ ಉಪಾಯ ಮಾಡಿದ್ದೇವೆ. ಹೇನು ಮೊಟ್ಟೆ ಇಡುವುದು ಮೀನಿನ ಮೇಲಲ್ಲ, ಗಟ್ಟಿ ಜಾಗದಲ್ಲಿ. ಕಂಬ, ಕಲ್ಲು, ಬಿದಿರು. ಅದಕ್ಕೇ ಹೊಂಡದಲ್ಲಿ ಅಲ್ಲಲ್ಲಿ ಬಿದಿರಿನ ತಡಿಕೆ ನಿಲ್ಲಿಸುತ್ತೇವೆ. ವಾರಕ್ಕೊಮ್ಮೆ ಎತ್ತಿ ಕಟ್ಟೆ ಮೇಲೆ ಬಿಸಿಲಿಗೆ ಒಣಗಿಸಿ ಮತ್ತೆ ಇಳಿಸುತ್ತೇವೆ. ಮೈಮುರಿ ಕೆಲಸ. ಹೇನು ಪೂರ್ತಿ ಹೋಗಿಲ್ಲ, ಆದರೆ ಹದ್ದುಬಸ್ತಿನಲ್ಲಿದೆ. ಗೋಡೆಯ ಪಟ್ಟಿಯಿಂದ ಸಗಣಿಯ ತಾರೀಕು ಹೊಡೆದು ಹಾಕಿದೆ. ಈಗ ಮೊಣಕೈವರೆಗೆ ಕೈ ಮುಳುಗಿಸುತ್ತೇನೆ. ಮೊಣಕೈ ಮುಳುಗುವ ಮೊದಲೇ ಅಂಗೈ ಮಾಯವಾದರೆ ಸಗಣಿ ಬಂದ್. ಮೋಡವಿದ್ದರೂ ಬಂದ್.

ಚಿಗಟ ವಾಪಸ್ ಬರುತ್ತವೋ ಇಲ್ಲವೋ ಅನ್ನುವ ಚಿಂತೆ ಇತ್ತು. ಬೇಸಿಗೆಯಲ್ಲಿ ಆ ಹೊಂಡ ಖಾಲಿ ಮಾಡಿದೆವು. ಎರೆಮಣ್ಣು ಅಂಗೈ ಅಗಲ ಬಿರುಕು ಬಿಟ್ಟಿತ್ತು. ಹುಡುಗ ಹೇಳಿದ್ದ ಅಂತ ತಳದ ಒಂದು ಹೆಂಟೆ ತಂದು ಬಕೆಟ್ಟಿಗೆ ಹಾಕಿ ನೀರು ಹೊಯ್ದೆ. ಕಷ್ಟಕಾಲ ಬಂದಾಗ ಚಿಗಟಗಳು ಕುದುರೆ ಜೀನಿನಂಥ ಗಟ್ಟಿ ಚಿಪ್ಪಿನೊಳಗೆ ಮೊಟ್ಟೆ ಇಟ್ಟು ಸಾಯುತ್ತವಂತೆ, ಅವು ಒಣಗಿದ ಮಣ್ಣಲ್ಲೂ ಕಾಯುತ್ತವಂತೆ. ನಾಲ್ಕೈದು ದಿನ ಏನೂ ಇಲ್ಲ. ಆಮೇಲೊಂದು ಬೆಳಿಗ್ಗೆ ನನ್ನ ಮಗಳು ಬಕೆಟ್ಟಿಗೆ ಮುಖ ಹಾಕಿ, "ಅಪ್ಪಾ, ನೀರು ಕುಣಿಯಾಕತ್ತೈತಿ" ಅಂದಳು.

ನಿನ್ನೆ ಟ್ಯೂಬಿನಲ್ಲಿ ಒಂದೂಕಾಲು ಎಂಎಲ್ ಬಂತು, ಕಂದು ಬಣ್ಣ. ಪಕ್ಕದ ಗದ್ದೆಯವರು ನಾಳೆ ಭತ್ತಕ್ಕೆ ಎಣ್ಣೆ ಹೊಡೆಯುತ್ತಾರಂತೆ. ಬಸಿಗಾಲುವೆ ಕಡೆಯ ತೂಬಿಗೆ ಮಣ್ಣಿನ ಚೀಲ ಒತ್ತಿ ಈಗಷ್ಟೇ ಬಂದೆ.